"ಡಬ್ಬಿ ಬಡಿದಂಗ ಐತಿ" ಅಂದ ಅಜ್ಜ: ಗೇಮಿನೊಳಗೆ ನಮ್ಮ ಕಡೆಯ ಜನಪದ

ಪ್ರಶ್ನೆ: ನಾನು ಜಮಖಂಡಿಯವನು, ವಯಸ್ಸು 25. ಇಬ್ಬರು ಗೆಳೆಯರ ಜೊತೆ ಸೇರಿ ಮೊಬೈಲ್ ಗೇಮ್ ಮಾಡುತ್ತಿದ್ದೇನೆ. ಕುರಿ ಕಳೆದುಕೊಂಡ ಹುಡುಗನೊಬ್ಬ ಕೃಷ್ಣಾ ನದಿ ದಂಡೆ, ಜಾತ್ರೆ, ಹಾಳು ಕೋಟೆ ದಾಟಿ ಕೊನೆಗೆ ಗೋಳಗುಮ್ಮಟದಂಥ ದೊಡ್ಡ ಗುಮ್ಮಟದೊಳಗೆ ಹೋಗುತ್ತಾನೆ. ಸಂಗೀತ ನನ್ನ ಪಾಲಿನ ಕೆಲಸ. ಭಜನಾ ಮೇಳದಲ್ಲಿ ಹಾರ್ಮೋನಿಯಂ ನುಡಿಸಿ ರೂಢಿ ಇದೆ. ಡೊಳ್ಳು, ಶಹನಾಯಿ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ದನಿ) ಹಾಕಿ ಎಂಟು ಟ್ರ್ಯಾಕ್ ಮಾಡಿದೆ. ಕೇಳಿದರೆ ಸಿನಿಮಾದ ಜಾತ್ರೆ ಸೀನಿನ ಹಾಗಿದೆ. ಕರಡಿ ಎಂಬ ಚರ್ಮವಾದ್ಯ ಬಾರಿಸುತ್ತಿದ್ದ ನಮ್ಮಜ್ಜ ಕೇಳಿ "ಇದು ನಮ್ಮ ಕರಡಿ ಅಲ್ಲಪಾ, ಡಬ್ಬಿ ಬಡಿದಂಗ ಐತಿ" ಅಂದರು. ಗೆಳೆಯ ಮಾತ್ರ "ಪಕ್ಕಾ ಜನಪದ ಹಾಕಿದರೆ ಹೊರಗಿನವರಿಗೆ ತಿಳಿಯಲ್ಲ" ಅನ್ನುತ್ತಾನೆ. ಅಂಥ ಸ್ಯಾಂಪಲ್‌ಗಳ ದುಬಾರಿ ಸೌಂಡ್ ಲೈಬ್ರರಿ ಕೊಂಡರೆ ಸರಿ ಹೋಗುತ್ತಾ? ಇನ್ನೊಂದು ವಿಷಯ. ಯಲ್ಲಮ್ಮನ ಗುಡ್ಡದಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿದ ಚೌಡಿಕೆ (ತಂತಿ ವಾದ್ಯ) ಹಾಡೊಂದಿದೆ. ಜನಪದಕ್ಕೆ ಮಾಲೀಕರಿಲ್ಲ ಅಲ್ವಾ, ಅದನ್ನು ಹಾಗೇ ಹಾಕಬಹುದಾ?

ಉತ್ತರ: ನಿಮ್ಮನ್ನು ಸಮಾಧಾನ ಮಾಡೋಣ ಅಂದರೆ ಆಗುತ್ತಿಲ್ಲ, ಅಜ್ಜ ಹೇಳಿದ್ದು ಸರಿ. ನೀವು ಕಳಿಸಿದ ಎರಡು ಟ್ರ್ಯಾಕನ್ನು ಹೆಡ್‌ಫೋನಿನಲ್ಲೂ ಕೇಳಿದೆ, ಫೋನಿನ ಸ್ಪೀಕರಿನಲ್ಲೂ ಕೇಳಿದೆ. ರಾಗ ಚೆನ್ನಾಗಿದೆ. ಹಾರ್ಮೋನಿಯಂ ಹಿಡಿದ ಕೈ ಅಂತ ಗೊತ್ತಾಗುತ್ತದೆ. ಆದರೆ 90 ಸೆಕೆಂಡಿನ ಟ್ರ್ಯಾಕಿನಲ್ಲಿ ಮೊದಲ ಸೆಕೆಂಡಿಗೇ ಎಲ್ಲ ವಾದ್ಯಗಳೂ ಒಟ್ಟಿಗೆ ಶುರುವಾಗುತ್ತವೆ. ಕೊನೆವರೆಗೂ ಅದೇ ಅಬ್ಬರ. ಆಡುವವನು ನದಿ ದಂಡೆಯಲ್ಲಿ 20 ನಿಮಿಷ ಅಲೆದಾಡಿದರೆ ಅದನ್ನೇ 13 ಸಲ ಕೇಳಬೇಕು. ಐದನೇ ಸಲಕ್ಕೆ ಶಬ್ದ ಬಂದ್ ಮಾಡಿ ಆಡುತ್ತಾನೆ. ನಾನೂ ಹಾಗೇ ಮಾಡುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ದನಿ ನಕಲಿ ಅನಿಸುತ್ತಿದೆ. ಹೊರಗಿನವರಿಗೆ ಹಿಡಿಸುತ್ತೋ ಇಲ್ಲವೋ ಅನ್ನುವ ಅಳುಕು ಇದೆ. ಕಾನೂನಿನ ಭಯವೂ ಇದೆ. ಮೂರರಲ್ಲಿ ಮೊದಲನೆಯದೇ ದೊಡ್ಡದು. ಅದಕ್ಕೆ ಲೈಬ್ರರಿ ಮದ್ದಲ್ಲ.

ಯಾಕೆ ಅಂತ ಹೇಳುತ್ತೇನೆ. ನಿಮ್ಮೂರ ಕಡೆ ಪಲ್ಲಕ್ಕಿ ಮುಂದೆ ಕರಡಿ ಮಜಲು ಮೇಳ ಹೋಗುವುದನ್ನು ನೂರು ಸಲ ನೋಡಿರುತ್ತೀರಿ. ಈಗ ಒಮ್ಮೆ ಬರೀ ಕಿವಿ ಕೊಟ್ಟು ಕೇಳಿ. ಪಲ್ಲಕ್ಕಿ ನಡೆಯುವಾಗ ಬಾರಿಸುವುದಕ್ಕೂ ಒಬ್ಬರ ಮನೆ ಮುಂದೆ ಆರತಿಗೆ ನಿಂತಾಗ ಬಾರಿಸುವುದಕ್ಕೂ ವ್ಯತ್ಯಾಸ ಇದೆ. ನಿಂತಾಗ ಕರಡಿಯವರು ಎದುರುಬದುರಾಗುತ್ತಾರೆ. ಒಬ್ಬ ಕೇಳಿದ ಹಾಗೆ, ಇನ್ನೊಬ್ಬ ಹೇಳಿದ ಹಾಗೆ ಪೆಟ್ಟು ಬೀಳುತ್ತವೆ. ಆ ಮನೆಯವರ ಆರತಿ ಎರಡು ನಿಮಿಷಕ್ಕೆ ಮುಗಿಯಬಹುದು, ಹತ್ತು ನಿಮಿಷವೂ ಹಿಡಿಯಬಹುದು. ಅದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಬಾರಿಸುವವರ ಕಣ್ಣು ಪಲ್ಲಕ್ಕಿ ಹೊತ್ತವರ ಕಾಲ ಮೇಲೆ ಇರುತ್ತದೆ. ಕಾಲು ಎದ್ದ ಕೂಡಲೇ ನಡಿಗೆಯ ಪೆಟ್ಟಿಗೆ ಬರುತ್ತಾರೆ. ಅಗಸಿ ದಾಟಿ ಗುಡಿ ಕಂಡಿತೋ, ಲಯ ಏರುತ್ತದೆ.

ಗೇಮ್ ಸಂಗೀತಕ್ಕೆ ಬೇಕಾದದ್ದೂ ಇದೇ. ಆಡುವವನು ಯಾವಾಗ ಸೇತುವೆ ದಾಟುತ್ತಾನೋ ನಿಮಗೆ ಗೊತ್ತಿಲ್ಲ. ಸಂಗೀತ ಅವನ ಕಾಲು ನೋಡಿಕೊಂಡು ನಡೆಯಬೇಕು. 1990ರ ದಶಕದ ಶುರುವಿನಲ್ಲಿ ಅಮೆರಿಕದ ಲ್ಯೂಕಸ್‌ಆರ್ಟ್ಸ್ ಕಂಪನಿ ಇದಕ್ಕೆಂದೇ ಐಮ್ಯೂಸ್ ಎಂಬ ವ್ಯವಸ್ಥೆ ಕಟ್ಟಿತು. ಇವತ್ತು ಎಫ್‌ಮಾಡ್, ವೈಸ್ ಎಂಬ ಸಾಫ್ಟ್‌ವೇರುಗಳು ಆ ಕೆಲಸ ಮಾಡುತ್ತವೆ. ನಮ್ಮ ಮೇಳದವರು ಕಣ್ಸನ್ನೆಯಲ್ಲೇ ಮಾಡುತ್ತಾರೆ. ಮಜಲು ಅಂದರೆ ದಾರಿಯ ಒಂದು ಹಂತ ಎಂಬ ಅರ್ಥವೂ ಇದೆ, ಗೊತ್ತಲ್ಲ. ಗೇಮಿನವರು ಲೆವೆಲ್ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪದ ನನಗಂತೂ ಸಿಕ್ಕಿಲ್ಲ.

ನಿಮ್ಮ ಟ್ರ್ಯಾಕಿನಲ್ಲಿ ದನಿ ಬಂದಿದೆ, ಈ ನಡೆ ಬಂದಿಲ್ಲ. ಸಿನಿಮಾ ತುಣುಕಿನ ಹಾಗೆ ಕೇಳುವುದು ಅದಕ್ಕೇ. ಸಿನಿಮಾದಲ್ಲಿ ಸೀನ್ ಎಷ್ಟು ಸೆಕೆಂಡ್ ಅಂತ ಮೊದಲೇ ತೀರ್ಮಾನ ಆಗಿರುತ್ತದೆ, ಅಷ್ಟಕ್ಕೆ ಅಳೆದು ಹೊಲಿಯುತ್ತಾರೆ. ನಿಮಗೆ ಹಿಗ್ಗಿ ಕುಗ್ಗುವ ಅಂಗಿ ಬೇಕು.

ಗೀಗೀ ಪದ ತೆಗೆದುಕೊಳ್ಳಿ. ಮುಂದಿನವರು ಒಂದು ನುಡಿ ಹಾಡುತ್ತಾರೆ. ಹಿಂದಿನವರು "ಗೀ ಗೀ" ಅಂತ ಎಳೆಯುತ್ತಾರೆ, ದಪ್ಪು ಎಂಬ ಚರ್ಮವಾದ್ಯ, ತುಂತುಣಿ ಎಂಬ ಒಂಟಿ ತಂತಿಯ ವಾದ್ಯ ನಡೆಯುತ್ತಿರುತ್ತವೆ. ಮುಂದಿನವರಿಗೆ ಮುಂದಿನ ಸಾಲು ಹೊಳೆಯುವವರೆಗೆ ಅಥವಾ ಉಸಿರು ತೆಗೆದುಕೊಳ್ಳುವವರೆಗೆ ಆ ಎಳೆತ ಎಷ್ಟು ಸುತ್ತಾದರೂ ತಿರುಗುತ್ತದೆ. ಕೇಳುವವರಿಗೆ ಬೇಸರ ಆಗುವುದಿಲ್ಲ, ಕಾಯುತ್ತಾ ಇರುತ್ತಾರೆ. ಗೇಮಿನ ಲೂಪ್, ಅಂದರೆ ಮತ್ತೆ ಮತ್ತೆ ತಿರುಗುವ ತುಣುಕು, ಈ ಎಳೆತವೇ. ಕಥೆ ಮುಂದೆ ಹೋದಾಗ ಮಾತ್ರ ಹೊಸ ನುಡಿ ಬರಲಿ. ನೀವು ಮಾಡಿದ್ದು ಉಲ್ಟಾ: ನುಡಿಯನ್ನೇ ಲೂಪ್ ಮಾಡಿದ್ದೀರಿ. ಒಂದೇ ಸುದ್ದಿಯನ್ನು 13 ಸಲ ಹೇಳಿದ ಹಾಗೆ.

ಹರದೇಶಿ, ನಾಗೇಶಿ ವಾದವಂತೂ ನಿಮ್ಮ ಕೋಟೆಯ ಜಗಳಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದು ಮೇಳ ಗಂಡು ಹೆಚ್ಚು ಅಂತ, ಇನ್ನೊಂದು ಹೆಣ್ಣು ಹೆಚ್ಚು ಅಂತ ಇಡೀ ರಾತ್ರಿ ಸವಾಲು ಹಾಕುತ್ತವೆ. ಹುಡುಗನಿಗೆ ಒಂದು ರಾಗ, ಎದುರಾಳಿಗೆ ಒಂದು ರಾಗ. ಯಾರ ಕೈ ಮೇಲಾಗಿದೆಯೋ ಅವರ ಸಾಲು ಹಾಡಲಿ, ಸೋಲುತ್ತಿರುವವರ ಸಾಲು ಅರ್ಧಕ್ಕೆ ನಿಲ್ಲಲಿ.

ಕಟ್ಟುವ ವಿಧಾನ ಎರಡು. ಒಂದು, ಪದರ ಪದರವಾಗಿ. ನದಿ ದಂಡೆಯಲ್ಲಿ ಮೊದಲು ತುಂತುಣಿ ಮಾತ್ರ. ಹುಡುಗ ಓಡಿದರೆ ತಾಳ ಸೇರಲಿ, ನಾಯಿ ಬೆನ್ನು ಹತ್ತಿದರೆ ಹಲಗಿ (ತಮಟೆ). ಸನಾದಿಯನ್ನು (ನಮ್ಮ ಕಡೆಯ ಶಹನಾಯಿ) ಬಚ್ಚಿಡಿ, ಕುರಿ ಸಿಕ್ಕಾಗಲೇ ಊದಲಿ. ಎಲ್ಲ ಪದರಗಳೂ ಒಳಗೆ ಒಟ್ಟಿಗೇ ಓಡುತ್ತಿರುತ್ತವೆ, ನೀವು ದನಿ ಏರಿಸಿ ಇಳಿಸುತ್ತೀರಿ ಅಷ್ಟೇ. ಇದು ಸುಲಭ. ತೊಂದರೆ ಏನೆಂದರೆ ಎಲ್ಲ ಪದರಗಳದ್ದೂ ಒಂದೇ ಲಯ ಆಗಿರಬೇಕು, ಹಳೆ ಫೋನಿಗೆ ಭಾರವೂ ಆಗುತ್ತದೆ. ಎರಡನೆಯದು ತುಂಡು ತುಂಡಾಗಿ: ನಡಿಗೆಯ ತುಂಡು, ನಿಂತ ತುಂಡು, ಓಟದ ತುಂಡು. ಒಂದರಿಂದ ಇನ್ನೊಂದಕ್ಕೆ ಆವರ್ತನೆ (ತಾಳದ ಒಂದು ಸುತ್ತು) ಮುಗಿದ ಮೇಲೇ ಜಿಗಿಯಬೇಕು. ನಡುವೆ ಕತ್ತರಿಸಿದರೆ ಕಾಲು ತಪ್ಪಿದ ಹಾಗೆ ಕೇಳುತ್ತದೆ.

ನಮ್ಮ ಕಡೆಯ ಸಂಗೀತಕ್ಕೆ ಈ ಎರಡನೆಯದೇ ಜಾಸ್ತಿ ಒಗ್ಗುತ್ತದೆ ಅನ್ನುವುದು ನನ್ನ ಅನುಭವ. ಯಾಕೆಂದರೆ ನಮ್ಮ ಲಯ ಒಂದೇ ಕಡೆ ನಿಲ್ಲುವುದಿಲ್ಲ, ಏರುತ್ತಾ ಹೋಗುತ್ತದೆ. ಕರಡಿ ಇರಲಿ, ಡೊಳ್ಳು ಇರಲಿ, ಶುರುವಾದ ವೇಗದಲ್ಲಿ ಮುಗಿದದ್ದನ್ನು ನಾನು ನೋಡಿಲ್ಲ. ಏರುವ ಲಯವನ್ನು ಲೂಪ್ ಮಾಡಿದರೆ ತುದಿಗೆ ಹೋದದ್ದು ಮತ್ತೆ ದಬಕ್ಕನೆ ಬುಡಕ್ಕೆ ಬೀಳುತ್ತದೆ. ಅದಕ್ಕೆ ಮೂರು ವೇಗದಲ್ಲಿ ಬೇರೆ ಬೇರೆ ಬಾರಿಸಿ ಇಟ್ಟುಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಏರುವ ನಾಲ್ಕು ಸೆಕೆಂಡಿನ ತುಣುಕನ್ನು ಬೇರೆಯಾಗಿ ರೆಕಾರ್ಡ್ ಮಾಡಿ. ಕಂಪ್ಯೂಟರಿನಲ್ಲಿ ಒಂದೇ ರೆಕಾರ್ಡನ್ನು ಎಳೆದು ವೇಗ ಮಾಡಬೇಡಿ. ಮನುಷ್ಯ ವೇಗವಾಗಿ ಬಾರಿಸುವಾಗ ಪೆಟ್ಟು ಬೀಳುವ ಜಾಗವೂ ಬದಲಾಗುತ್ತದೆ, ಮಷಿನ್‌ಗೆ ಅದು ಬರಲ್ಲ.

ಈಗ ಡಬ್ಬಿಯ ವಿಷಯ. ನಿಮ್ಮ ಸ್ಯಾಂಪಲ್ ನಿಜವಾಗಿ ಡೊಳ್ಳಾ ಅಂತಲೇ ನನಗೆ ಅನುಮಾನ. ಭಾರತದ ದೊಡ್ಡ ಡೋಲು ಅಂತ ಲೇಬಲ್ ಹಚ್ಚಿ ಏನೇನೋ ಮಾರುತ್ತಾರೆ. ಅದು ಡೊಳ್ಳೇ ಆಗಿದ್ದರೂ ನೀವು ಒಂದೇ ಪೆಟ್ಟನ್ನು ಇನ್ನೂರು ಸಲ ಒತ್ತಿದ್ದೀರಿ. ಕಿವಿ ಇದನ್ನು ತಕ್ಷಣ ಹಿಡಿಯುತ್ತದೆ. ಡೊಳ್ಳಿಗೆ ಒಂದು ಕಡೆ ಕೋಲು, ಇನ್ನೊಂದು ಕಡೆ ಅಂಗೈ. ಎರಡರ ನಡುವಿನ ಮಾತುಕತೆಯೇ ಡೊಳ್ಳು. ಮೇಲಾಗಿ ಎಲ್ಲ ಪೆಟ್ಟನ್ನೂ ಗ್ರಿಡ್‌ಗೆ, ಅಂದರೆ ಸಾಫ್ಟ್‌ವೇರಿನ ಸಮ ಅಂತರದ ಗೆರೆಗಳಿಗೆ, ಅಂಟಿಸಿದ್ದೀರಿ. ಕೂದಲೆಳೆಯಷ್ಟು ಹಿಂದೆ ಮುಂದೆ ಬೀಳುವುದರಲ್ಲೇ ಗತ್ತು ಇರುತ್ತದೆ, ಅದು ಹೋಯಿತು.

ಫೋನಿನ ಪಾಲೂ ಇದೆ. ಅದರ ಪುಟ್ಟ ಸ್ಪೀಕರಿಗೆ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ದನಿ ಸರಿಯಾಗಿ ಬರುವುದೇ ಇಲ್ಲ. ಅಂದರೆ ಎದೆಗೆ ಬಡಿಯುವ ಆ ಗುಮ್ಮೆನ್ನುವ ದನಿ ಪೂರ್ತಿ ಮಾಯ. ಉಳಿಯುವುದು ಕೋಲಿನ ಟಕಟಕ. ಅಜ್ಜ ಕೇಳಿದ್ದು ಫೋನಿನಲ್ಲೇ ಅಲ್ವಾ? ಡಬ್ಬಿ ಅಂದದ್ದು ಎಷ್ಟು ನಿಖರ ನೋಡಿ. ಫೋನಿಗೆ ಮಾಡುವಾಗ ಕೋಲಿನ ಕಡೆ ಒಂದು ಮೈಕ್, ಅಂಗೈ ಕಡೆ ಒಂದು ಮೈಕ್ ಇಟ್ಟು ಬೇರೆ ಬೇರೆ ರೆಕಾರ್ಡ್ ಮಾಡಿ. ಕೋಲಿನ ದನಿಯಲ್ಲೇ ಆಟ ಕಟ್ಟಿ. ಡೊಳ್ಳಿಗಿಂತ ಹಲಗಿ ಫೋನಿನಲ್ಲಿ ಎಷ್ಟೋ ಚೆನ್ನಾಗಿ ಕೇಳುತ್ತದೆ.

ಹಲಗಿ ಬಗ್ಗೆ ಎರಡು ಎಚ್ಚರಿಕೆ. ಅದನ್ನು ಬೆಂಕಿಗೆ ಹಿಡಿದು ಕಾಯಿಸಿ ಬಾರಿಸುತ್ತಾರೆ. ಕಾದ ಚರ್ಮ ಬಿಗಿಯಾಗಿ ದನಿ ಏರುತ್ತದೆ, ಆರಿದಂತೆ ಇಳಿಯುತ್ತದೆ. ಮೊದಲ ಟೇಕಿನ ದನಿ ಮತ್ತು ಅರ್ಧ ಗಂಟೆ ಬಿಟ್ಟು ತೆಗೆದ ಟೇಕಿನ ದನಿ ಕೂಡುವುದಿಲ್ಲ. ಹಾಗಾಗಿ ರೆಕಾರ್ಡಿಂಗ್ ಜಾಗದ ಹತ್ತಿರ ಬೆಂಕಿಗೆ ವ್ಯವಸ್ಥೆ ಮಾಡಿಕೊಳ್ಳಿ. (ಬೆಳಗಾವಿಯ ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ, ಥಂಡಿಗೆ ಯಾವ ಚರ್ಮವೂ ಮಾತು ಕೇಳುವುದಿಲ್ಲ.)

ಎರಡನೆಯದನ್ನು ನಾನೇ ಪೆಟ್ಟು ತಿಂದು ಕಲಿತೆ. ವರ್ಷಗಳ ಹಿಂದೆ ಒಂದು ಗೇಮಿನಲ್ಲಿ ಗೆದ್ದಾಗ ಬರುವ ಐದು ಸೆಕೆಂಡಿನ ತುಣುಕಿಗೆ ಹಲಗಿ ಹಾಕಿದ್ದೆ. ಎಲ್ಲೋ ರೆಕಾರ್ಡ್ ಮಾಡಿಟ್ಟಿದ್ದ ಗತ್ತು (ಬಡಿತದ ವರಸೆ), ಕೇಳಲು ಗಂಭೀರವಾಗಿತ್ತು. ಆಡಿ ನೋಡಲು ಬಂದ ಬೈಲಹೊಂಗಲ ಕಡೆಯ ಹುಡುಗ ಫೋನ್ ಕೆಳಗಿಟ್ಟು, "ಸರ್, ಗೆದ್ದವನನ್ನ ಸುಡಗಾಡಿಗೆ ಒಯ್ಯಾಕತ್ತೀರಿ?" ಅಂದ. ಅದು ಹೆಣದ ಮುಂದೆ ಬಾರಿಸುವ ಗತ್ತು. ಮದುವೆಗೆ ಒಂದು, ಹೋಳಿಗೆ ಒಂದು, ಸಾವಿಗೆ ಒಂದು ಇರುತ್ತದೆ. ಬಾಗಲಕೋಟೆಯ ಹೋಳಿಗೆ ಒಮ್ಮೆ ಹೋಗಿ ನಿಂತರೆ ಹಬ್ಬದ ಹಲಗಿ ಅಂದರೆ ಏನು ಅಂತ ಕಾಲಿಗೇ ತಿಳಿಯುತ್ತದೆ. ಯಾವ ಗತ್ತು ಎಲ್ಲಿಯದು ಅಂತ ಬಾರಿಸುವವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಇದು ನಂಬಿಕೆ ಮಾತಲ್ಲ. ನಿಮ್ಮ ಗೇಮನ್ನು ಮೊದಲು ಆಡುವವರು ನಮ್ಮ ಕಡೆಯವರೇ ತಾನೇ?

ಚೌಡಿಕೆ ವಿಷಯದಲ್ಲಿ ಕೀಬೋರ್ಡನ್ನು ಮರೆತುಬಿಡಿ. ಅದರ ಒಂದೇ ತಂತಿಯನ್ನು ಮೀಟುತ್ತಲೇ ಬಿಗಿ ಮಾಡಿ ಸಡಿಲ ಬಿಡುತ್ತಾರೆ. ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ, ಮೆಟ್ಟಿಲು ಹತ್ತುವುದಿಲ್ಲ. ಸ್ವರ ಸ್ವರವಾಗಿ ಸ್ಯಾಂಪಲ್ ಮಾಡಿದರೆ ಆ ಜಾರುವಿಕೆ ಸಾಯುತ್ತದೆ. ಇಡೀ ಸಾಲನ್ನೇ ರೆಕಾರ್ಡ್ ಮಾಡಿ, ಸಾಲುಗಳನ್ನೇ ಜೋಡಿಸಿ. ಸನಾದಿಗೂ ಇದೇ ಮಾತು. ಬೀಳಗಿಯ ಸನಾದಿ ಅಪ್ಪಣ್ಣನವರ ಹೆಸರು ಇವತ್ತಿಗೂ ಓಡಾಡುವ ಜಿಲ್ಲೆ ನಿಮ್ಮದು, ಸ್ಯಾಂಪಲ್ ಶಹನಾಯಿ ಯಾಕೆ ಬೇಕು? ಶ್ರುತಿ ಕೀಬೋರ್ಡಿಗೆ ಕೂಡದೇ ಇರಬಹುದು. ಆಗ ಸನಾದಿಯನ್ನು ಶ್ರುತಿ ತಿದ್ದುವ ಆಟೋಟ್ಯೂನಿಗೆ ಹಾಕಿ ಹಿಂಡಬೇಡಿ. ಕೀಬೋರ್ಡಿನ ಶ್ರುತಿಯನ್ನೇ ಅದಕ್ಕೆ ಹೊಂದಿಸಿ, ಸಾಫ್ಟ್‌ವೇರಿನಲ್ಲಿ ಒಂದು ನಿಮಿಷದ ಕೆಲಸ.

ಗುಮ್ಮಟದ ಲೆವೆಲ್ ಬಗ್ಗೆ ನೀವು ಏನೂ ಕೇಳಿಲ್ಲ, ಆದರೆ ನನಗೆ ಹೇಳದೆ ಇರಲಾಗದು. ಗೋಳಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರು ಗೋಡೆ ಮುಟ್ಟಿ ವಾಪಸ್ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ನಿಮ್ಮ ಡಿಲೇಯನ್ನು (ದನಿಯನ್ನು ತಡವಾಗಿ ಮರಳಿಸುವ ಎಫೆಕ್ಟ್) 220 ಮಿಲಿಸೆಕೆಂಡಿನಿಂದ ಶುರು ಮಾಡಿ, ಪ್ರತಿ ಸಲ ದನಿ ತಗ್ಗಿಸುತ್ತಾ ಏಳು ಸಲ ಬರಲಿ, ಮೇಲೆ ಉದ್ದನೆಯ ರಿವರ್ಬ್, ಅಂದರೆ ಗೂಂಜು, ಹಾಕಿ. ಅಲ್ಲಿಗೇ ಹೋಗಿ ಚಪ್ಪಾಳೆ ಹೊಡೆದು ಅದರ ಗೂಂಜನ್ನು ಹಿಡಿದು ತರುವ ವಿಧಾನವೂ ಇದೆ. ಅದು ಪುರಾತತ್ವ ಇಲಾಖೆಯ ಸ್ಮಾರಕ, ಉಪಕರಣ ಒಯ್ದು ರೆಕಾರ್ಡ್ ಮಾಡುವುದಾದರೆ ಮೊದಲೇ ಅನುಮತಿ ಕೇಳಿ. ಅನುಮತಿ ಸಿಕ್ಕರೂ ಕೂಗುವ ಶಾಲೆ ಮಕ್ಕಳ ನಡುವೆ ಎರಡು ಸೆಕೆಂಡ್ ನಿಶ್ಶಬ್ದ ಸಿಗುವುದು ನಿಮ್ಮ ಪುಣ್ಯ. ಅಂಥ ಗೂಂಜಿನೊಳಗೆ ಹಲಗಿ ಡೊಳ್ಳು ಹಾಕಿದರೆ ಎಲ್ಲ ಕಲಸಿಹೋಗುತ್ತದೆ. ಒಂದು ಏಕತಾರಿ, ತತ್ವಪದದ ಹಾಗೆ ನಿಧಾನವಾದ ಒಂದು ಸಾಲು. ಸಾಲು ಮುಗಿದ ಮೇಲೆ ಗುಮ್ಮಟ ಉತ್ತರ ಕೊಡಲು ಜಾಗ ಬಿಡಿ.

ಹೊರಗಿನವರಿಗೆ ತಿಳಿಯಲ್ಲ ಅನ್ನುವ ಗೆಳೆಯನ ಮಾತು ಅರ್ಧ ನಿಜ. ಹಾಡಿನ ಮಾತು ತಿಳಿಯುವುದಿಲ್ಲ. ಆದರೆ ಲಯ ಏರಿದರೆ ಎದೆ ಬಡಿತ ಏರುವುದಕ್ಕೆ ಕನ್ನಡ ಬರಬೇಕಿಲ್ಲ. 2015ರಲ್ಲಿ ಬಂದ ಪೋಲೆಂಡಿನ ವಿಚರ್ 3 ಗೇಮಿಗೆ ಅಲ್ಲಿಯದೇ ಪರ್ಸಿವಲ್ ಎಂಬ ಜನಪದ ತಂಡ ಹಾಡಿ ನುಡಿಸಿತು. ಭಾಷೆ ಬಾರದ ಎಷ್ಟು ಲಕ್ಷ ಜನ ಅದನ್ನು ಕೇಳುತ್ತಾ ಆಡಿದರೋ. ನಮ್ಮವರದ್ದೇ ಉದಾಹರಣೆ ಬೇಕಾದರೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಇದ್ದಾರೆ. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು. ಕ್ಷಯ ಬಂದು ಮಧ್ಯಪ್ರದೇಶದ ದೇವಾಸದಲ್ಲಿದ್ದಾಗ ಮಾಳ್ವಾದ ಜನಪದ ಹಾಡುಗಳಿಗೆ ಕಿವಿ ಕೊಟ್ಟರು. ಆ ಧಾಟಿಗಳೊಳಗೆ ಅಡಗಿದ್ದ ನಡೆ ಹಿಡಿದು ಹೊಸ ರಾಗಗಳನ್ನೇ ಕಟ್ಟಿದರು. ಹಾಡನ್ನು ಎತ್ತಿ ತಂದು ವೇದಿಕೆ ಮೇಲೆ ಇಟ್ಟು ಅಷ್ಟಕ್ಕೇ ಸುಮ್ಮನಾಗಲಿಲ್ಲ. ನೀವೂ ಅಂಥದ್ದೇ ಸಾಹಸ ಮಾಡುತ್ತಿದ್ದೀರಿ, ಬರೀ ಕೈಯಲ್ಲಿರುವುದು ಫೋನು.

ಚೌಡಿಕೆ ರೆಕಾರ್ಡಿಂಗ್ ಮಾತ್ರ ಹಾಗೇ ಹಾಕಬೇಡಿ. ಜನಪದಕ್ಕೆ ಮಾಲೀಕರಿಲ್ಲ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ತಲೆಮಾರುಗಳಿಂದ ಬಂದ ಹಳೆ ಧಾಟಿಯ ಮಟ್ಟಿಗೆ ಸರಿ. ಹಾಡಿದ ಆ ದನಿಯ ಮಾತೇ ಬೇರೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಾಡಿದವರಿಗೆ, ಬಾರಿಸಿದವರಿಗೆ ತಮ್ಮದೇ ಹಕ್ಕು ಇದೆ, ಅದು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ಅದನ್ನು ಇನ್ನೂ ಗಟ್ಟಿ ಮಾಡಿತು. ಕ್ಯಾಸೆಟ್ಟು, ಯೂಟ್ಯೂಬಿನಿಂದ ತೆಗೆದರೆ ರೆಕಾರ್ಡಿಂಗ್ ಹಕ್ಕು ಬೇರೆ, ಅದು ಪ್ರಕಟವಾದ ಮೇಲೆ 60 ವರ್ಷ. ಇನ್ನು ಜನಪದ ಅಂತ ನಾವು ಅಂದುಕೊಂಡ ಎಷ್ಟೋ ಲಾವಣಿಗಳ ಕೊನೆಯ ನುಡಿಯಲ್ಲಿ ಊರು, ಕವಿಯ ಹೆಸರು ಇರುತ್ತದೆ. ಅದನ್ನು ಕೇಳಿಸಿಕೊಳ್ಳುವ ಮೊದಲೇ ಕತ್ತರಿಸಬೇಡಿ.

ಕಾನೂನು ಬಿಟ್ಟರೂ ಸವದತ್ತಿಯ ಆ ಹಾಡು ದೇವಿಯ ಸೇವೆ. ಹಾಡುವ ಜೋಗತಿಯರ ಹಿಂದೆ ದೇವದಾಸಿ ಪದ್ಧತಿಯ ನೋವು ಇದೆ. ಅದನ್ನು ಹಾವು ಕೊಲ್ಲುವ ಲೆವೆಲ್ಲಿಗೆ ಹಿನ್ನೆಲೆ ಮಾಡಿದರೆ ಯಾರಿಗೆ ಹೇಗೆ ತಾಗುತ್ತದೋ ಊಹಿಸಿ. ನಿಮಗೆ ಚೌಡಿಕೆ ದನಿ ಬೇಕಿದ್ದರೆ ನುಡಿಸುವವರನ್ನು ಹುಡುಕಿ, ದೇವರ ಹಾಡಲ್ಲದ ಹೊಸ ಸಾಲು ನುಡಿಸಿಕೊಡಲು ಕೇಳಿ. ಅವರು ಬೇಡ ಅಂದರೆ ಬೇಡ. ತುಂತುಣಿ ಇದೆ.

ಹಣದ ಲೆಕ್ಕಕ್ಕೆ ಬಂದರೆ, ದುಬಾರಿ ಲೈಬ್ರರಿ ಕೊಳ್ಳುವ ದುಡ್ಡನ್ನು ನಾಲ್ಕು ಜನ ವಾದಕರಿಗೆ ಒಂದು ದಿನದ ಸಂಭಾವನೆಯಾಗಿ ಕೊಡಿ. ಬಸ್ ಖರ್ಚು, ಊಟ ಬೇರೆ. ಒಪ್ಪಂದವನ್ನು ಕನ್ನಡದಲ್ಲಿ ಒಂದು ಪುಟ ಬರೆದು, ಓದಿ ಹೇಳಿ, ಸಹಿ ಹಾಕಿಸಿ. ಎಲ್ಲಿ ಬಳಸುತ್ತೀರಿ, ಗೇಮ್ ದುಡ್ಡು ಮಾಡಿದರೆ ಅವರಿಗೆಷ್ಟು, ಹೆಸರು ಎಲ್ಲಿ ಬರುತ್ತದೆ, ಇಷ್ಟು ಇರಲಿ. ಗೇಮ್ ಮಾರಾಟಕ್ಕೆ ಇಡುವ ಮೊದಲು ವಕೀಲರಿಗೊಮ್ಮೆ ತೋರಿಸಿ. ಇದರಲ್ಲಿ ಅಪಾಯವೂ ಇದೆ: ಮೈಕ್ ಕೈಕೊಟ್ಟರೆ, ಒಬ್ಬರು ಬಾರದಿದ್ದರೆ ದಿನ ಹಾಳು. ಅದಕ್ಕೇ ನಾನು ಮಧ್ಯದ ದಾರಿ ಹಿಡಿಯುತ್ತೇನೆ. ಮುಂದೆ ಕೇಳುವ ಒಂದೋ ಎರಡೋ ವಾದ್ಯ ನಿಜವಾದದ್ದು, ಹಿಂದಿನ ಗುಂಯ್ ಅನ್ನುವ ಶ್ರುತಿಯಂಥದ್ದು ಕೀಬೋರ್ಡಿನದು.

ಸ್ಟುಡಿಯೋ ಬೇಕಂತಿಲ್ಲ. ಜೋಳದ ಚೀಲ ಒಟ್ಟಿದ ಕೋಣೆ ಸಿಕ್ಕರೆ ಅದೇ ಸ್ಟುಡಿಯೋ, ಚೀಲಗಳು ಗೂಂಜು ಹೀರಿಕೊಳ್ಳುತ್ತವೆ. ಮೆಲ್ಲಗೆ, ಮಧ್ಯಮ, ಜೋರು ಅಂತ ಪ್ರತಿ ಪೆಟ್ಟನ್ನೂ ಐದಾರು ಸಲ ತೆಗೆದಿಡಿ. ಲೂಪ್ ಆಗುವ ಫೈಲುಗಳನ್ನು ಎಂಪಿ3 ಮಾಡಬೇಡಿ, ಅದು ತಲೆಗೂ ಬಾಲಕ್ಕೂ ಚೂರು ಮೌನ ಸೇರಿಸುತ್ತದೆ, ಪ್ರತಿ ಸುತ್ತಿಗೂ ಎಡವುತ್ತದೆ. ಓಜಿಜಿ ಎಂಬ ಫೈಲ್ ಬಗೆಯನ್ನು ಬಳಸಿ. ನಿಮಿಷಕ್ಕೆ 10 ಎಂಬಿ ಹಿಡಿಯುವ ವೇವ್ ಫೈಲು ಅದರಲ್ಲಿ 1 ಎಂಬಿಗೆ ಇಳಿಯುತ್ತದೆ.

ಇದೆಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಗೇಮಿನ ಶಬ್ದ ಬಂದ್ ಮಾಡಿ ಅಜ್ಜನ ಪಕ್ಕ ಕುಳಿತು ಆಡಿ ತೋರಿಸಿ. ಹುಡುಗ ನಡೆಯುವುದನ್ನು, ನಿಲ್ಲುವುದನ್ನು, ಓಡುವುದನ್ನು ನೋಡುತ್ತಾ ಅವರು ತೊಡೆ ಮೇಲೆ ಬಾರಿಸಲಿ, ಕೈಗೆ ಕರಡಿ ಸಿಕ್ಕರೆ ಇನ್ನೂ ಒಳ್ಳೆಯದು. ರೆಕಾರ್ಡರ್ ಆನ್ ಇರಲಿ. ಮುಂದಿನ ಪತ್ರದ ಜೊತೆ ಅದನ್ನು ಕಳಿಸಿ.